ಫ್ಯಾಟಿ ಲಿವರ್ ಇದ್ದರೆ ಥೈರಾಯ್ಡೂ ನೋಡಿ

ಮಾನ್ಯ ಸಂಪಾದಕರೇ,

ನನ್ನ ಅಕ್ಕನಿಗೆ ಐವತ್ತೆರಡು ವರ್ಷ. ಹೋದ ವರ್ಷ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ 'ಗ್ರೇಡ್ 2 ಫ್ಯಾಟಿ ಲಿವರ್' ಅಂತ ಬಂತು, ಅಂದರೆ ಲಿವರ್‌ನಲ್ಲಿ ಮಧ್ಯಮ ಮಟ್ಟಕ್ಕೆ ಕೊಬ್ಬು ತುಂಬಿದೆ ಅಂತ. ಕುಡಿಯದವಳಿಗೆ ಲಿವರ್ ಹೇಗೆ ಕೆಡುತ್ತೆ ಅಂತ ನೆಂಟರೆಲ್ಲ ಕೇಳಿದ್ದೇ ಕೇಳಿದ್ದು. ಎಣ್ಣೆ ಕಡಿಮೆ ಮಾಡಿ, ವಾಕಿಂಗ್ ಮಾಡಿ ಅಂತ ಹೇಳಿ ಕಳಿಸಿದರು. ಪಾಪ, ಎರಡನ್ನೂ ಮಾಡಿದಳು. ತೂಕ ಇಳಿಯಲಿಲ್ಲ. ಮಧ್ಯಾಹ್ನಕ್ಕೇ ಸುಸ್ತು, ಏಪ್ರಿಲ್‌ನಲ್ಲೂ ಸ್ವೆಟರ್, ಬಾಚಣಿಗೆ ತುಂಬ ಕೂದಲು. ಎಂಟು ತಿಂಗಳಾದ ಮೇಲೆ ಬೇರೊಬ್ಬ ಡಾಕ್ಟರು ಅವಳ ಊದಿದ ಮುಖ ನೋಡಿ ಥೈರಾಯ್ಡ್ ಹೇಗಿದೆ ಅಂತ ತಿಳಿಸುವ ಟಿಎಸ್‌ಎಚ್ ರಕ್ತ ಪರೀಕ್ಷೆ ಬರೆದುಕೊಟ್ಟರು. ಸುಮಾರು 4ರ ಒಳಗಿರಬೇಕಾದದ್ದು 38 ಇತ್ತು! ಅದು ಹೀಗೆ ಏರಿದರೆ ಥೈರಾಯ್ಡ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ ಅರ್ಥವಂತೆ.

ಕತ್ತಿನ ಗ್ರಂಥಿಗೂ ಲಿವರ್‌ಗೂ ಏನು ಸಂಬಂಧ ಅಂತ ನಾವೂ ಅಂದುಕೊಂಡಿದ್ದೆವು. ಸಂಬಂಧ ಜಾಸ್ತಿಯೇ ಇದೆ. ಥೈರಾಯ್ಡ್ ಹೆಚ್ಚಾಗಿ ಬಿಡುವುದು ಟಿ4 ಅನ್ನೋ ಹಾರ್ಮೋನು. ಅದು ದೇಹದಲ್ಲಿ ಕೆಲಸಕ್ಕೆ ಬರುವ ಟಿ3 ಆಗಬೇಕು, ಅದರಲ್ಲಿ ಲಿವರ್‌ನ ಪಾಲು ದೊಡ್ಡದು. ಆ ಟಿ3 ಇದ್ದರೇ ಲಿವರ್ ಕೊಬ್ಬನ್ನು ಸರಿಯಾಗಿ ಕರಗಿಸುವುದು. ಅದು ಕಡಿಮೆಯಾದರೆ ಕೊಬ್ಬು ಅಲ್ಲೇ ಕೂರುತ್ತದೆ, ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಫ್ಯಾಟಿ ಲಿವರ್ ಬಲಿತವರಿಗೆ ಒಪ್ಪಿಗೆ ಪಡೆದ ರೆಸ್ಮೆಟಿರೋಮ್ ಮಾತ್ರೆ ಕೂಡ ಲಿವರ್‌ನಲ್ಲಿ ಥೈರಾಯ್ಡ್ ಹಾರ್ಮೋನು ಹಿಡಿಯುವ ಜಾಗದ ಮೇಲೆಯೇ ಕೆಲಸ ಮಾಡುತ್ತದೆ.

ಹಾಗಂತ ಥೈರಾಯ್ಡ್ ಸರಿ ಇರುವವರು ತೂಕ ಇಳಿಸೋಕೆ, ಲಿವರ್‌ಗೆ ಅಂತ ಸುಮ್ನೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ ನುಂಗಬಾರದು. ಎದೆ ಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಥೈರಾಯ್ಡ್ ಜಾಸ್ತಿ ಇದ್ದು, ಅದನ್ನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ತಗೊಳ್ಳುವವರೂ ಹುಷಾರಾಗಿರಬೇಕು. ಅಪರೂಪಕ್ಕೆ ಅದರಿಂದಲೇ ಲಿವರ್‌ಗೆ ಪೆಟ್ಟು ಬೀಳುತ್ತದೆ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ನಾಟಿ ಮದ್ದಿಗೆ ಓಡದೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ನೋಡಿಕೊಳ್ಳುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನೂ ಸೇರಿಸಿದೆ. ಒಳ್ಳೆಯದೇ. ಆದರೆ ಸ್ಕ್ಯಾನಿಂಗ್‌ನಲ್ಲಿ ಕೊಬ್ಬು ಕಂಡು, ಜೊತೆಗೆ ಸುಸ್ತು, ಚಳಿ, ಮಲಬದ್ಧತೆ ಇದ್ದವರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಟಿಎಸ್‌ಎಚ್ ಕೂಡ ಮಾಡಿಸಲಿ. ಒಂದು ಸಿರಿಂಜ್ ರಕ್ತದ ಕೆಲಸ, ಅಲ್ವಾ? ಅಕ್ಕ ಅದಕ್ಕಾಗಿ ಎಂಟು ತಿಂಗಳು ಕಾದಳು. ಎಲ್ಲ ಫ್ಯಾಟಿ ಲಿವರಿಗೂ ಥೈರಾಯ್ಡೇ ಕಾರಣ ಅಂತ ನಾನು ಹೇಳುತ್ತಿಲ್ಲ. ಇದ್ದವರಿಗಾದರೂ ಬೇಗ ಗೊತ್ತಾಗಲಿ.

ಈಗ ಅಕ್ಕ ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಲ್ಲಿ ಥೈರಾಯ್ಡ್ ಮಾತ್ರೆ ನುಂಗಿ, ಅರ್ಧ ಗಂಟೆ ಬಿಟ್ಟು ಕಾಫಿ ಕುಡಿಯುತ್ತಾಳೆ. ಸ್ವೆಟರ್ ಬೀರು ಸೇರಿದೆ. ಲಿವರ್ ಪರೀಕ್ಷೆ ಮುಂದಿನ ತಿಂಗಳು ಮತ್ತೆ ಇದೆ.

ಇಂತಿ,
ಓದುಗರೊಬ್ಬರು, ತಿಪಟೂರು