ಸಚಿವರೇ, ವೆಂಕಟಪ್ಪನವರ ಚಿತ್ರಗಳನ್ನು ಹತ್ತಿರದಿಂದ ನೋಡಲು ಬಿಡಿ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರೇ,

ನಮಸ್ಕಾರ. ನಾನು ಬೆಂಗಳೂರಿನ ಒಬ್ಬ ಚಿತ್ರಕಲಾವಿದೆ. ಕೆ. ವೆಂಕಟಪ್ಪನವರು ಊಟಿ, ಕೊಡೈಕನಾಲ್‌ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದಿದ್ದಾರೆ. ಅದೇ ಬೆಟ್ಟಗಳನ್ನು ಈಗಿನ ರಸ್ತೆ, ಹೋಟೆಲುಗಳ ಸಮೇತ ಮತ್ತೆ ಬರೆಯುವ ಕೆಲಸಕ್ಕೆ ಕೈಹಾಕಿದ್ದೇನೆ. ಅದಕ್ಕೆ ಸರ್ಕಾರದ ಬಳಿ ಇರುವ ಮೂಲ ಚಿತ್ರಗಳ ಮುಂದೆ ಒಂದಷ್ಟು ಹೊತ್ತು ಕೂರಬೇಕು. ನಾನು ಕೇಳಿದ್ದು ಇಷ್ಟೇ. ವರ್ಷಗಳಿಂದ ಕೇಳುತ್ತಲೇ ಇದ್ದೇನೆ.

ಒಂದು ಸರ್ಕಾರಿ ಕಚೇರಿಯಲ್ಲಿ ಏನಾಯ್ತು ಅಂತ ಹೇಳಲೇಬೇಕು. ಅರ್ಜಿ ಓದಿದವರು ಅದನ್ನು ನನ್ನ ಕಡೆಗೇ ತಳ್ಳಿ, 'ಕಲಾವಿದರ ಒಪ್ಪಿಗೆ ಪತ್ರ ಇಲ್ವಲ್ಲ, ಸಹಿ ಮಾಡಿಸಿಕೊಂಡು ಬನ್ನಿ' ಅಂದರು. ವೆಂಕಟಪ್ಪನವರು 1965ರಲ್ಲೇ ತೀರಿಕೊಂಡಿದ್ದಾರೆ ಅಂದೆ. 'ಹಾಗಾದ್ರೆ ಮನೆಯವರದ್ದು ತನ್ನಿ' ಅಂದರು. ಆ ಮನುಷ್ಯ ಮದುವೆಯೇ ಆಗಿರಲಿಲ್ಲ ಸ್ವಾಮಿ! ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಕಲ್ಕತ್ತೆಯ ಚಿತ್ರಕಾರ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು, ವೀಣೆ ಶೇಷಣ್ಣನವರ ಶಿಷ್ಯರಾಗಿ ವೀಣೆ ನುಡಿಸಿದವರು, ಮೈಸೂರು ಅರಮನೆಗೆ ಉಬ್ಬುಶಿಲ್ಪ ಮಾಡಿಕೊಟ್ಟವರು. ಅವರು ಬದುಕಿಲ್ಲ ಅನ್ನುವುದನ್ನೂ ನಾನೇ ಹೇಳಬೇಕಾಯ್ತು.

ನಿಯಮ ನಿಮಗೆ ಗೊತ್ತೇ ಇದೆ. ಹಕ್ಕುಸ್ವಾಮ್ಯ ಕಲಾವಿದ ಸತ್ತ ಮೇಲೆ 60 ವರ್ಷ. ಅದು 2025ರ ಕೊನೆಗೆ ಮುಗಿಯಿತು. ಇನ್ನು ಯಾರ ಸಹಿ ಬೇಕು?

ಫೋನಿನಲ್ಲಿ ಸಿಗುವ ಫೋಟೋ ನೋಡಿಕೊಳ್ಳಿ ಅನ್ನುತ್ತಾರೆ. ಬೆಟ್ಟದ ಮೇಲಿನ ಮಂಜು ಅದರಲ್ಲಿ ಬರೀ ಬೂದು ಕಲೆ. ಬಣ್ಣ ಎಲ್ಲಿ ತೆಳುವಾಯಿತು, ಕಾಗದವನ್ನು ಎಲ್ಲಿ ಖಾಲಿ ಬಿಟ್ಟರು, ಯಾವ ಅಂಚು ಒದ್ದೆಯಲ್ಲೇ ಹರಡಿತು, ಒಂದೂ ಕಾಣುವುದಿಲ್ಲ. ನನಗೆ ಬೇಕಾಗಿರುವುದೇ ಅದು.

ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ರವಿವರ್ಮನ ಲಕ್ಷ್ಮಿಯನ್ನು ತಾವೇ ವೇಷ ಹಾಕಿ ಫೋಟೋದಲ್ಲಿ ಮತ್ತೆ ಕಟ್ಟಿದರು. ನೋಡಿದವರಿಗೆ ಅದು ತಕ್ಷಣ ತಟ್ಟಿತು, ಯಾಕೆಂದರೆ ರವಿವರ್ಮನ ಪ್ರೆಸ್ಸಿನ ಚಿತ್ರಗಳು ಮನೆಮನೆಯ ಗೋಡೆ ಮೇಲಿದ್ದವು. ವೆಂಕಟಪ್ಪ ಯಾರ ಮನೆಯಲ್ಲಿದ್ದಾರೆ? ಕಸ್ತೂರಬಾ ರಸ್ತೆಯ ಆರ್ಟ್ ಗ್ಯಾಲರಿ ಕಟ್ಟಡಕ್ಕೆ ಅವರ ಹೆಸರಿದೆ, ಸಂತೋಷ. ಆದರೆ ಚಿತ್ರಕಲೆ ಓದುವ ಹುಡುಗರನ್ನು ಕೇಳಿ ನೋಡಿ, ಆ ಹೆಸರು ಗೊತ್ತಿರುತ್ತದೆ, ಅವರ ಒಂದು ಚಿತ್ರ ನೆನಪಿಸಿಕೊಳ್ಳಿ ಅಂದರೆ ತಡವರಿಸುತ್ತಾರೆ. ಹುಡುಗರ ತಪ್ಪಲ್ಲ ಅದು. ನೋಡಲು ಸಿಗದ ಕಲಾವಿದನ ಜೊತೆ ಯಾರು ತಾನೇ ಜಗಳ ಆಡುತ್ತಾರೆ, ಯಾರು ಅವನಿಂದ ಕದಿಯುತ್ತಾರೆ, ಯಾರು ಮುಂದುವರಿಸುತ್ತಾರೆ?

ಆದ್ದರಿಂದ ನೋಡಲು ಬಿಡಿ. ಸರ್ಕಾರದ ಬಳಿ ಇರುವ ಅವರ ಎಲ್ಲ ಚಿತ್ರಗಳನ್ನೂ ಒಳ್ಳೆಯ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿಸಿ, ಎಲ್ಲರಿಗೂ ಉಚಿತವಾಗಿ ಸಿಗುವಂತೆ ಹಾಕಿಸಿ. ತಿಂಗಳಿಗೆ ಒಂದು ದಿನವಾದರೂ ಕಲಾವಿದರು, ವಿದ್ಯಾರ್ಥಿಗಳು ಮೂಲ ಚಿತ್ರಗಳ ಎದುರು ಕೂರಲು ಅವಕಾಶ ಕೊಡಿ. ಬೆಳಕು ಕಡಿಮೆ ಇರಲಿ, ಕಾವಲಿಗೆ ಜನ ನಿಲ್ಲಲಿ, ನಾವು ಮುಟ್ಟುವುದಿಲ್ಲ. ಜಲವರ್ಣ ಎಷ್ಟು ಸೂಕ್ಷ್ಮ ಅನ್ನುವುದು ನಮಗೂ ಗೊತ್ತು. ನೋಡಲು ಬಿಡಿ, ಅಷ್ಟೇ.

ನನ್ನ ಅರ್ಜಿ ಇನ್ನೂ ಅದೇ ಕಚೇರಿಯಲ್ಲಿದೆ. ಆಗುತ್ತದೋ ಇಲ್ಲವೋ, ಈ ಸಲ ಉತ್ತರವನ್ನು ಬರವಣಿಗೆಯಲ್ಲಿ ಕೊಡಿಸಿ.

ಇಂತಿ,
ಬೆಂಗಳೂರಿನ ಒಬ್ಬ ಚಿತ್ರಕಲಾವಿದೆ