ಕೈ ಜಗ್ಗಬೇಡಿ, ಓರೆಯಾಗಿ ಎತ್ತಿಸಿ

ಮಾನ್ಯರೇ,

ಪಾರ್ಶ್ವವಾಯುವಾದ ನಮ್ಮ ಯಜಮಾನರನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯವರು ಕೊಟ್ಟದ್ದು ಕೈ ವ್ಯಾಯಾಮದ, ಬಾಣದ ಗುರುತುಗಳಿದ್ದ ಒಂದು ಇಂಗ್ಲಿಷ್ ಹಾಳೆ. ಅದನ್ನು ಬಿಡಿಸಿ ಹೇಳಿದ್ದು ಆಮೇಲೆ ಮನೆಗೆ ಬಂದ ಫಿಸಿಯೋಥೆರಪಿ ಹುಡುಗಿ. ಬಲಗೈ ಮುಷ್ಟಿ ಎಡಸೊಂಟದ ಬಳಿ, ಹೆಬ್ಬೆರಳು ಕೆಳಮುಖ. ಅಲ್ಲಿಂದ ಒರೆಯಿಂದ ಕತ್ತಿ ಹಿರಿದಂತೆ ಓರೆಯಾಗಿ ಮೇಲಕ್ಕೆ, ಬೆರಳು ಬಿಚ್ಚುತ್ತಾ, ತೋಳನ್ನು ಹೊರಕ್ಕೆ ತಿರುಗಿಸುತ್ತಾ, ಬಲಭುಜದಾಚೆ. ಕಣ್ಣು ಕೈಯನ್ನೇ ಹಿಂಬಾಲಿಸಬೇಕು. 1940ರ ದಶಕದಲ್ಲಿ ಅಮೆರಿಕದ ವೈದ್ಯ ಹರ್ಮನ್ ಕಬಾಟ್ ರೂಪಿಸಿದ ಪಿಎನ್‌ಎಫ್, ಅಂದರೆ ನರ–ಸ್ನಾಯುಗಳನ್ನು ಒಟ್ಟಿಗೆ ಚುರುಕುಗೊಳಿಸುವ ವ್ಯಾಯಾಮ ವಿಧಾನವಂತೆ ಇದು. ಅಂಗಿ ತೊಡುವುದು, ತಲೆ ಬಾಚುವುದು ಯಾವುದೂ ನೇರ ಗೆರೆಯಲ್ಲಿ ನಡೆಯುವುದಿಲ್ಲವಲ್ಲ! ನೋಡಲು ಬಂದ ನೆಂಟರು ಮಾತ್ರ ಸೋತ ಕೈ ಹಿಡಿದು ಜಗ್ಗುತ್ತಾರೆ. ಭುಜದ ಕೀಲು ಸರಿದರೆ ಗತಿಯೇನು? ರೋಗಿಯನ್ನು ಬಿಡುಗಡೆ ಮಾಡುವ ಮೊದಲು ಮನೆಯವರಿಗೆ ಇದನ್ನು ಕನ್ನಡದಲ್ಲಿ, ಮಾಡಿ ತೋರಿಸಿ ಕಲಿಸಲಿ.

– ಓರ್ವ ಗೃಹಿಣಿ, ಹಾಸನ