ಪ್ರದರ್ಶನ ಫಲಕ: ಕಟ್ಟುವವರ ಕೈಯಿಂದಲೇ ವಿನ್ಯಾಸ ಆರಂಭವಾಗಲಿ

ಮಾನ್ಯ ಸಂಪಾದಕರೇ,

ವಿಜ್ಞಾನ ಪ್ರದರ್ಶನ, ಚಿತ್ರಕಲಾ ಪ್ರದರ್ಶನ, ಆರೋಗ್ಯ ಶಿಬಿರ ಹೀಗೆ ಎರಡು ಮೂರು ದಿನಗಳಲ್ಲಿ ಮುಗಿದುಹೋಗುವ ಕಾರ್ಯಕ್ರಮಗಳಲ್ಲಿ ಜನರು ನೋಡುವುದು ಫಲಕದ ಮೇಲಿನ ಚಿತ್ರವನ್ನು, ಬರಹವನ್ನು. ಆ ಫಲಕ ಹಿಂದಿನ ರಾತ್ರಿ ಹೇಗೆ ಎದ್ದು ನಿಂತಿತು, ಎಲ್ಲ ಮುಗಿದ ಮೇಲೆ ಹೇಗೆ ಕಳಚಿಕೊಂಡು ಗಾಡಿ ಸೇರಿತು ಎಂಬುದು ಅವರಿಗೆ ತಿಳಿಯಬೇಕಾಗಿಯೂ ಇಲ್ಲ. ಆದರೆ ಫಲಕಗಳನ್ನು ಮಾಡಿಸುವವರೂ ಈ ಬಗ್ಗೆ ಯೋಚಿಸದಿರುವುದನ್ನು ನಾನು ಬಹಳ ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಪ್ರದರ್ಶನ ಫಲಕಗಳನ್ನೂ ತಾತ್ಕಾಲಿಕ ಅಡ್ಡಗೋಡೆಗಳನ್ನೂ ಹೊತ್ತು, ನಿಲ್ಲಿಸಿ, ಬಿಚ್ಚಿ, ಮತ್ತೆ ಕಟ್ಟಿಡುವ ಕೆಲಸವೇ ನನ್ನದಾಗಿರುವುದರಿಂದ, ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಮುಂದಿಡಲು ಬಯಸುತ್ತೇನೆ.

ಒಂದು ಅನುಭವವನ್ನು ವಿವರವಾಗಿಯೇ ಹೇಳುತ್ತೇನೆ. ಸಂಸ್ಥೆಯೊಂದು ಹೊಸದಾಗಿ ಮಾಡಿಸಿದ್ದ 12 ಫಲಕಗಳನ್ನು ನಾವು ಮೂವರು ಒಂದು ಸಭಾಂಗಣದಲ್ಲಿ ಸಾಲಾಗಿ ನಿಲ್ಲಿಸಬೇಕಾಗಿತ್ತು. ಒಂದೊಂದೂ 1 ಮೀಟರ್ ಅಗಲ, 2 ಮೀಟರ್ ಎತ್ತರ, 18 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ) ಹಲಗೆಯದು. ನೋಡುವುದಕ್ಕೆ ಬಹಳ ಅಚ್ಚುಕಟ್ಟಾಗಿತ್ತು. ಫಲಕಕ್ಕೆ ಫಲಕ ಸೇರುವ ಸಂಧಿಗಳು 11, ಪ್ರತಿ ಸಂಧಿಗೂ 3 ಬೋಲ್ಟು. ಅಲ್ಲಿಗೆ 33 ಬೋಲ್ಟು, 33 ನಟ್ಟು, ಬೋಲ್ಟಿನ ಎರಡೂ ಬದಿಗೆ ಒಂದೊಂದರಂತೆ 66 ವಾಷರ್, ಒಟ್ಟು 132 ಬಿಡಿ ತುಣುಕುಗಳು ಒಂದೇ ಪ್ಲಾಸ್ಟಿಕ್ ಚೀಲದಲ್ಲಿದ್ದವು. ಒಬ್ಬರು ಫಲಕವನ್ನು ಹಿಡಿದು ನಿಂತರೆ, ಇನ್ನೊಬ್ಬರು ಪಕ್ಕದ ಫಲಕವನ್ನು ತೂತಿಗೆ ತೂತು ಕೂಡುವಂತೆ ಎತ್ತಿ ಹಿಡಿಯಬೇಕು. ಮೂರನೆಯವರು ಮೊದಲು ಮಂಡಿಯೂರಿ, ಆಮೇಲೆ ಸ್ಟೂಲು ಹತ್ತಿ, ಎರಡು ಸ್ಪ್ಯಾನರ್ ಹಿಡಿದು ಬಿಗಿಯಬೇಕು. ಆರನೆಯ ಸಂಧಿಯ ಹೊತ್ತಿಗೆ ಕೆಳಗಿನ ತೂತು ಕೂಡಿದರೆ ಮೇಲಿನದು ಕೂಡುತ್ತಿರಲಿಲ್ಲ, ಮೇಲಿನದು ಕೂಡಿದರೆ ಕೆಳಗಿನದು ತಪ್ಪುತ್ತಿತ್ತು. ನೆಲಕ್ಕೆ ಬಿದ್ದ ನಟ್ಟುಗಳಲ್ಲಿ ಕೆಲವು ಸಿಗಲೇ ಇಲ್ಲ. ಕೊನೆಗೆ ನಾಲ್ಕು ಸಂಧಿಗಳನ್ನು ಸೆಣಬಿನ ಹುರಿಯಿಂದ ಬಿಗಿದು ಕಟ್ಟಿ, ಹುರಿ ಕಾಣದಂತೆ ಮೇಲೆ ಬಣ್ಣದ ಕಾಗದ ಅಂಟಿಸಿದೆವು. ಆಗ ರಾತ್ರಿ ಎರಡು ಗಂಟೆ ದಾಟಿತ್ತು.

ತೂತುಗಳು ಕೂಡದಿದ್ದುದಕ್ಕೆ ಬಡಗಿಯ ಕೈ ತಪ್ಪಿದ್ದು ಕಾರಣವಲ್ಲ. ಆತ 6 ಮಿ.ಮೀ. ಬೋಲ್ಟಿಗೆ ಸರಿಯಾಗಿ ಅಷ್ಟೇ ಅಳತೆಯ ತೂತು ಕೊರೆದಿದ್ದ. ಅವನ ಕಾರ್ಖಾನೆಯ ಸಮತಟ್ಟಾದ ನೆಲದ ಮೇಲೆ ಎಲ್ಲವೂ ಸರಿಯಾಗಿಯೇ ಸೇರಿರಬೇಕು. ಸಭಾಂಗಣದ ನೆಲ ಹಾಗಿರುವುದಿಲ್ಲ. 1 ಮೀಟರ್ ಅಗಲದ ಫಲಕದ ಒಂದು ಮೂಲೆಯ ಕೆಳಗೆ ನೆಲ ಕೇವಲ 5 ಮಿ.ಮೀ. ತಗ್ಗಿದ್ದರೂ 2 ಮೀಟರ್ ಎತ್ತರದಲ್ಲಿ ಆ ಫಲಕದ ತಲೆ 10 ಮಿ.ಮೀ. ಪಕ್ಕಕ್ಕೆ ವಾಲುತ್ತದೆ. ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಪ್ರತಿ ಫಲಕದ ಅಡಿಯಲ್ಲಿ ತಿರುಗಿಸಿ ಎತ್ತರ ಹೊಂದಿಸಬಹುದಾದ ಎರಡು ಸ್ಕ್ರೂ ಪಾದಗಳಿರಬೇಕು ಮತ್ತು ಸೇರುವ ಎರಡು ತೂತುಗಳಲ್ಲಿ ಒಂದು ದುಂಡಗೆ, ಇನ್ನೊಂದು ಉದ್ದುದ್ದವಾಗಿ ಇರಬೇಕು. ಬೇರೆ ಬೇರೆ ನೆಲಗಳ ಮೇಲೆ ಪ್ರತಿ ಸಲ ಹೊಸದಾಗಿ ನಿಲ್ಲಬೇಕಾದ ವಸ್ತುವಿಗೆ ಸ್ವಲ್ಪ ಸಡಿಲ ಬೇಕೇ ಬೇಕು, ಎಲ್ಲಿ ಎಷ್ಟು ಸಡಿಲ ಬಿಡಬೇಕು ಎಂಬುದನ್ನು ತೀರ್ಮಾನಿಸುವುದೇ ಇಲ್ಲಿ ಕುಶಲತೆ.

ಬಿಡಿ ತುಣುಕುಗಳ ಪ್ರಶ್ನೆ ಇದಕ್ಕಿಂತ ಮುಖ್ಯವಾದುದು. ಕಾರ್ಖಾನೆಗಳ ಜೋಡಣಾ ಕೆಲಸವನ್ನು ಅಧ್ಯಯನ ಮಾಡಿ, ಸುಲಭ ಜೋಡಣೆಗಾಗಿ ವಿನ್ಯಾಸ ಮಾಡುವ ಕ್ರಮವನ್ನು ರೂಪಿಸಿದ ಜೆಫ್ರಿ ಬೂತ್‌ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್ ಅವರು ಪ್ರತಿಯೊಂದು ಬಿಡಿಭಾಗದ ಬಗ್ಗೆಯೂ ಮೂರು ಪ್ರಶ್ನೆ ಕೇಳಬೇಕೆಂದರು: ಇದು ಉಳಿದ ಭಾಗಗಳಿಂದ ಬೇರೆಯಾಗಿ ಚಲಿಸಬೇಕೇ, ಇದು ಬೇರೆಯೇ ವಸ್ತುವಿನಿಂದ ಆಗಿರಬೇಕೇ, ಉಳಿದ ಭಾಗಗಳನ್ನು ಜೋಡಿಸಲು ಅಥವಾ ಬಿಚ್ಚಲು ಇದು ಪ್ರತ್ಯೇಕವಾಗಿ ಇರಲೇಬೇಕೇ? ಮೂರಕ್ಕೂ ಉತ್ತರ ‘ಇಲ್ಲ’ ಎಂದಾದರೆ ಆ ಭಾಗ ಬಿಡಿಯಾಗಿ ಇರಬೇಕಾಗಿಲ್ಲ. ನಮ್ಮ ಆ 132 ತುಣುಕುಗಳನ್ನು ಈ ಪ್ರಶ್ನೆಗಳ ಮುಂದೆ ನಿಲ್ಲಿಸಿದರೆ ಎಷ್ಟು ಉಳಿಯುತ್ತವೆ? ಬಾಗಿಲಿಗೆ ಹಾಕುವಂಥ ಕೀಲಿನ ಒಂದು ಪಟ್ಟಿಯನ್ನು ಫಲಕದ ಎಡ ಅಂಚಿಗೂ ಇನ್ನೊಂದು ಪಟ್ಟಿಯನ್ನು ಬಲ ಅಂಚಿಗೂ ಕಾಯಂ ಆಗಿ ಕೂರಿಸಿ, ನಡುವಿನ ಕಡ್ಡಿಯನ್ನು ಮಾತ್ರ ಮೇಲಿನಿಂದ ಇಳಿಬಿಡುವಂತೆ ಮಾಡಿದರೆ ಸಂಧಿಗೆ ಎರಡೇ ಕಡ್ಡಿ ಸಾಕು. ಆ ಕಡ್ಡಿಗಳನ್ನೂ ಒಂದು ಗೇಣು ಸರಪಳಿಯಿಂದ ಫಲಕಕ್ಕೇ ಕಟ್ಟಿಬಿಟ್ಟರೆ ಬಿಡಿ ತುಣುಕೆಂಬುದೇ ಇರುವುದಿಲ್ಲ, ಸ್ಪ್ಯಾನರ್ ಕೂಡ ಬೇಡ.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಎಲ್ಲ ಫಲಕಗಳ ಎಡ ಅಂಚು ಒಂದೇ ಬಗೆಯದಾಗಿ, ಎಲ್ಲ ಬಲ ಅಂಚೂ ಇನ್ನೊಂದು ಬಗೆಯದಾಗಿ ಇರಬೇಕು; ಆಗ ಯಾವ ಫಲಕವನ್ನು ಯಾವುದರ ಪಕ್ಕಕ್ಕಾದರೂ ನಿಲ್ಲಿಸಬಹುದು, ‘ಏಳನೆಯದು ಎಲ್ಲಿ’ ಎಂದು ಕೂಗುತ್ತಾ ಹುಡುಕಬೇಕಾಗಿಲ್ಲ. ಎರಡನೆಯದು, ಮೇಲಿನ ಮತ್ತು ಕೆಳಗಿನ ಕಡ್ಡಿಗಳು ಒಂದೇ ಉದ್ದ ಇರಬಾರದು. ಕೆಳಗಿನದು ತುಸು ಉದ್ದವಾಗಿ, ತುದಿ ಮೊನಚಾಗಿದ್ದರೆ ಅದನ್ನು ಮೊದಲು ಕೂರಿಸಿಕೊಂಡು, ಆಮೇಲೆ ಮೇಲಿನದನ್ನು ಹುಡುಕಿಕೊಳ್ಳಬಹುದು. ಏಕಕಾಲಕ್ಕೆ ಎರಡು ತೂತುಗಳ ಮೇಲೆ ಕಣ್ಣಿಡುವುದು ಒಬ್ಬ ಮನುಷ್ಯನಿಗೆ ಸಾಧ್ಯವಿಲ್ಲ, ಒಂದಾದ ಮೇಲೆ ಒಂದು ಎಂದರೆ ಯಾರಿಗಾದರೂ ಸಾಧ್ಯ.

ಇನ್ನು ತೂಕ. ನಾನು ಹೇಳಿದ ಆ ಎಂಡಿಎಫ್ ಫಲಕ ಒಂದೊಂದೂ ಸುಮಾರು 26 ಕೆ.ಜಿ. ತೂಗುತ್ತಿತ್ತು, ಅಂದರೆ 12 ಫಲಕ ಸೇರಿ 300 ಕೆ.ಜಿ. ಮೀರುತ್ತದೆ. ಅದೇ ಅಳತೆಯನ್ನು ಅಲ್ಯೂಮಿನಿಯಂ ಚೌಕಟ್ಟಿನೊಳಗೆ 5 ಮಿ.ಮೀ. ದಪ್ಪದ ಪೊಳ್ಳು ಪ್ಲಾಸ್ಟಿಕ್ ಹಾಳೆ ಕೂರಿಸಿ ಮಾಡಿದರೆ, ಕೀಲು ಪಾದಗಳೆಲ್ಲ ಸೇರಿ 7 ಕೆ.ಜಿ.ಯೊಳಗೆ ಮುಗಿಸಬಹುದು, ಒಬ್ಬರೇ ಎತ್ತಿಕೊಂಡು ಮೆಟ್ಟಿಲು ಹತ್ತಬಹುದು. ಹಗುರಾದರೆ ಬಿದ್ದುಹೋಗುತ್ತದಲ್ಲ ಎಂಬ ಆಕ್ಷೇಪ ಯಾವಾಗಲೂ ಬರುತ್ತದೆ, ಅದು ನ್ಯಾಯವಾದ ಆಕ್ಷೇಪವೇ. ಆದ್ದರಿಂದ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸ್ಥೂಲವಾಗಿ 6 ಕೆ.ಜಿ. ಭಾರದಷ್ಟು ಒತ್ತುತ್ತದೆ, ನಮ್ಮ ಫಲಕಕ್ಕೆ ಅದು 12 ಕೆ.ಜಿ., ಅದೂ ನೆಲದಿಂದ 1 ಮೀಟರ್ ಎತ್ತರದಲ್ಲಿ. ಹಿಂದೆ ಮುಂದೆ 25 ಸೆಂ.ಮೀ. ಚಾಚಿದ ಪಾದಗಳ ಮೇಲೆ ನಿಂತ ಒಂಟಿ ಫಲಕ ಇದನ್ನು ತಡೆಯಬೇಕಾದರೆ ಅದರ ತೂಕ 48 ಕೆ.ಜಿ. ಇರಬೇಕು. ಅಂದರೆ 26 ಕೆ.ಜಿ.ಯ ಫಲಕವೂ ಬೀಳುತ್ತದೆ. ಹಗುರಾದದ್ದು ಬಿದ್ದರೆ ತರಚು ಗಾಯವಾಗಬಹುದು, ಈ ಭಾರದ ಫಲಕ ಮಗುವಿನ ಮೇಲೆ ಬಿದ್ದರೆ ಏನಾಗುತ್ತದೆ ಎಂದು ನಾನು ಬರೆಯಬೇಕಾಗಿಲ್ಲ. ಗಾಳಿಯ ವೇಗ ಅರ್ಧಕ್ಕಿಳಿದರೆ ಒತ್ತಡ ಕಾಲು ಭಾಗಕ್ಕಿಳಿಯುತ್ತದೆ ಎಂಬುದು ನಿಜ. ಆದರೂ ಬಾಗಿಲು ತೆರೆದಾಗ ನುಗ್ಗುವ ಗಾಳಿಗೆ ಒಂಟಿ ಫಲಕ ಅಲುಗಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಫಲಕವನ್ನು ನಿಲ್ಲಿಸುವುದು ತೂಕಕ್ಕಿಂತ ಹೆಚ್ಚಾಗಿ ಅದು ನೆಲದ ಮೇಲೆ ಆಕ್ರಮಿಸುವ ಆಕಾರ. ಎರಡು ಫಲಕಗಳನ್ನು ಲಂಬಕೋನದಲ್ಲಿ ಕೂಡಿಸಿ ನಿಲ್ಲಿಸಿದರೆ, ಪಾದಗಳನ್ನು ಚಾಚದೆಯೇ, ಅವುಗಳ ತಡೆಯುವ ಶಕ್ತಿ ಒಂಟಿ ಫಲಕಕ್ಕೆ ಹೋಲಿಸಿದರೆ ಸುಮಾರು ಇಮ್ಮಡಿಯಾಗುತ್ತದೆ. ಮಡಚಿ ನಿಲ್ಲಿಸುವ ಪರದೆಯ ತತ್ವ ಇದೇ. ಜಪಾನಿನಲ್ಲಿ ಇಂಥ ಪರದೆಗೆ ‘ಬ್ಯೋಬು’ ಎನ್ನುತ್ತಾರೆ, ಗಾಳಿಗೆ ತಡೆ ಎಂದು ಅದರ ಅರ್ಥ. ಅದರ ಫಲಕಗಳನ್ನು ಜೋಡಿಸುತ್ತಿದ್ದುದು ಗಟ್ಟಿ ಕಾಗದದ ಪಟ್ಟಿಗಳ ಕೀಲಿನಿಂದ. ಹಿಂದಕ್ಕೂ ಮುಂದಕ್ಕೂ ಮಡಚಬಹುದಾದ್ದರಿಂದ ಪರದೆ ಅಂಕುಡೊಂಕಾಗಿ ತನ್ನಷ್ಟಕ್ಕೆ ನಿಲ್ಲುತ್ತಿತ್ತು, ಮಡಚಿದಾಗ ಒಂದು ಕಟ್ಟಾಗುತ್ತಿತ್ತು, ಚಿತ್ರವೂ ಒಂದು ಫಲಕದಿಂದ ಇನ್ನೊಂದಕ್ಕೆ ಅಡೆತಡೆಯಿಲ್ಲದೆ ಹರಿಯುತ್ತಿತ್ತು. 1968ರಲ್ಲಿ ರಾಬರ್ಟ್ ಪ್ರಾಪ್ಸ್ಟ್ ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಗಾಗಿ ರೂಪಿಸಿದ ಕಚೇರಿ ಪಾರ್ಟಿಷನ್ನುಗಳೂ ಕೋನದಲ್ಲಿ ಸೇರಿ ಒಂದನ್ನೊಂದು ಆತುಕೊಂಡು ನಿಲ್ಲುವಂಥವೇ. ಸೇರುವ ಕೋನವೇ ಊರುಗೋಲಾಗುವಾಗ, ಜನರ ಕಾಲಿಗೆ ತೊಡರುವ ಉದ್ದ ಪಾದಗಳನ್ನು ಇಟ್ಟು ಫಲಕಗಳನ್ನು ಒಂದೇ ನೇರ ಸಾಲಿನಲ್ಲಿ ನಿಲ್ಲಿಸುವ ಹಟ ಏಕೆ ಬೇಕು ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಬಯಲಿನಲ್ಲಾದರೆ ಇದೂ ಸಾಲದು; ಮರಳಿನ ಚೀಲವನ್ನು ಅಡಿಪಟ್ಟಿಯ ಮೇಲೆ ಹೇರಲು ಜಾಗ, ಹಗ್ಗ ಕಟ್ಟಲು ಮೇಲೊಂದು ಬಳೆ, ಇವೆರಡನ್ನೂ ಮೊದಲೇ ಚೌಕಟ್ಟಿನಲ್ಲಿ ಕೂರಿಸಿರಬೇಕು.

ದೊಡ್ಡ ವಾಣಿಜ್ಯ ಮೇಳಗಳಲ್ಲಿ ಮಳಿಗೆಗಳನ್ನು ಕಟ್ಟುವ ಅಲ್ಯೂಮಿನಿಯಂ ಕಂಬಗಳನ್ನು ಬಹಳ ಜನ ನೋಡಿರುತ್ತಾರೆ. ಜರ್ಮನಿಯ ಆಕ್ಟಾನಾರ್ಮ್ ವ್ಯವಸ್ಥೆಯಿಂದ ಪ್ರಚಲಿತವಾದ ಆ ಕಂಬಕ್ಕೆ ಎಂಟು ಮುಖ, ಪ್ರತಿ ಮುಖದಲ್ಲೂ ಒಂದು ಉದ್ದನೆಯ ಸೀಳು. ಅಡ್ಡಪಟ್ಟಿಯ ತುದಿಯ ಕೊಕ್ಕೆಯನ್ನು ಆ ಸೀಳಿಗೆ ಸಿಕ್ಕಿಸಿ, ಅಲೆನ್ ಕೀಯಿಂದ ತಿರುಗಿಸಿದರೆ ಬಿಗಿಯಾಯಿತು. ಒಂದೇ ಬಗೆಯ ಕಂಬ, ಒಂದೇ ಬಗೆಯ ಬೀಗ, ಒಂದೇ ಉಪಕರಣ ಎಂಬ ಅದರ ಶಿಸ್ತು ಅನುಕರಿಸಬೇಕಾದದ್ದು. ಆದರೆ ಅದು ಪಳಗಿದ ಕೆಲಸಗಾರರ ತಂಡವನ್ನು ನೆಚ್ಚಿಕೊಂಡ ವ್ಯವಸ್ಥೆ. ವರ್ಷಕ್ಕೆ ನಾಲ್ಕು ಬಾರಿ ಶಿಕ್ಷಕರೋ ವಿದ್ಯಾರ್ಥಿಗಳೋ ಸ್ವಯಂಸೇವಕರೋ ನಿಲ್ಲಿಸುವ ಫಲಕಗಳಿಗೆ ಅದನ್ನೇ ತರಬೇಕೆಂದಿಲ್ಲ.

ಪಳಗದ ಕೈಗಳಿಗೆ ಎಂಥ ವಿನ್ಯಾಸ ಬೇಕೆಂಬುದಕ್ಕೆ ಜಪಾನಿನ ವಾಸ್ತುಶಿಲ್ಪಿ ಶಿಗೇರು ಬಾನ್ ಅವರ ಕೆಲಸಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿದಿಲ್ಲ. 2011ರ ಭೂಕಂಪ ಮತ್ತು ಸುನಾಮಿಯ ನಂತರ ಮನೆ ಕಳೆದುಕೊಂಡವರು ದೊಡ್ಡ ಸಭಾಂಗಣಗಳಲ್ಲಿ ಮರೆಯೇ ಇಲ್ಲದೆ ದಿನ ಕಳೆಯುತ್ತಿದ್ದಾಗ ಬಾನ್ ಅಲ್ಲಿಗೆ ಒಯ್ದದ್ದು ಕಾಗದದ ಕೊಳವೆ ಮತ್ತು ಬಟ್ಟೆಯನ್ನು. ಕಂಬವಾಗಿ ನಿಲ್ಲುವ ದಪ್ಪ ಕೊಳವೆಯ ತೂತಿನೊಳಗೆ ತೊಲೆಯಾಗುವ ಸಣ್ಣ ಕೊಳವೆಯನ್ನು ತೂರಿಸುವುದು, ತೊಲೆಯ ಮೇಲೆ ಬಟ್ಟೆ ಇಳಿಬಿಟ್ಟು ಸೇಫ್ಟಿ ಪಿನ್ ಚುಚ್ಚುವುದು, ಇಷ್ಟೇ ಕೆಲಸ. ಒಂದು ಕುಟುಂಬಕ್ಕೆ ಬೇಕಾದ ಮರೆ ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತಿತ್ತು. ಬಟ್ಟೆ ಬದಲಾಯಿಸಲು ಒಂದಿಷ್ಟು ಮರೆ ಬೇಕಾದ ಮನುಷ್ಯರಿಗೆ ಅದರ ಬೆಲೆ ಏನೆಂದು ಊಹಿಸಿಕೊಂಡರೆ, ಸುಲಭ ಜೋಡಣೆ ಎಂಬುದು ಬರೀ ಅನುಕೂಲದ ಮಾತಲ್ಲ ಎಂದು ತಿಳಿಯುತ್ತದೆ.

ಬಿಚ್ಚಿ ಕಟ್ಟಿಡುವ ಹೊತ್ತನ್ನಂತೂ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆಗ ಎಲ್ಲರೂ ದಣಿದಿರುತ್ತಾರೆ, ಗಾಡಿ ಹೊರಗೆ ಕಾದಿರುತ್ತದೆ, ಫಲಕಗಳ ಮೂಲೆಗಳು ಜಖಂ ಆಗುವುದು ಬಹುಮಟ್ಟಿಗೆ ಆಗಲೇ. ಮೂಲೆಗೆ ರಬ್ಬರ್ ಟೋಪಿ, ಫಲಕ ಫಲಕದ ನಡುವೆ ಮುಖಕ್ಕೆ ಮುಖ ಉಜ್ಜದಂತೆ ಅಂಚಿನಲ್ಲಿ ತೆಳು ದಿಂಬುಪಟ್ಟಿ, ಆರಾರು ಫಲಕಕ್ಕೆ ಒಂದರಂತೆ ಹಿಡಿ ಇರುವ ಕ್ಯಾನ್ವಾಸ್ ಚೀಲ, ಇವು ಫಲಕದ ಜೊತೆಗೇ ರೂಪುಗೊಳ್ಳಬೇಕು. ನಾನು ಮೊದಲು ಹೇಳಿದ ಆ ಸಭಾಂಗಣದಲ್ಲಿ ಕಸ ಗುಡಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ನಾವು ಫಲಕ ಬಿಚ್ಚುವುದನ್ನು ನೋಡುತ್ತಾ ನಿಂತಿದ್ದವರು, ‘ಕಳಚೋಕೆ ಮುಂಚೆ ಕೂಡಿದ ಕಡೆ ಎರಡಕ್ಕೂ ಒಂದೇ ಬಣ್ಣದ ಬೊಟ್ಟು ಇಡಿ ಸ್ವಾಮಿ’ ಎಂದರು. ಮುಂದಿನ ಸಲ ಕೆಂಪಿಗೆ ಕೆಂಪು, ಹಳದಿಗೆ ಹಳದಿ ಕೂಡಿಸುತ್ತಾ ಹೋದಾಗ ತಲೆಕೆಳಗಾಗಿ ನಿಲ್ಲಿಸಿದ ಫಲಕ ಒಂದೂ ಇರಲಿಲ್ಲ. ವಿನ್ಯಾಸ ಮಾಡಿದವರಿಗೆ ಹೊಳೆಯದಿದ್ದದ್ದು ಆ ತಾಯಿಗೆ ಹೊಳೆದಿತ್ತು.

ನಿಲ್ಲಿಸಿದ ಮೇಲಿನ ಬಳಕೆಯ ಬಗ್ಗೆ ಎರಡೇ ಮಾತು. ಫಲಕಗಳ ಸಾಲಿನ ನಡುವೆ ಗಾಲಿಕುರ್ಚಿ ಹಾದುಹೋಗಲು ಕನಿಷ್ಠ 90 ಸೆಂ.ಮೀ., ತಿರುಗಲು 1.5 ಮೀಟರ್ ಜಾಗ ಬೇಕು. ಅಂಕುಡೊಂಕಾಗಿ ನಿಲ್ಲಿಸುವಾಗ ಈ ಅಳತೆಯನ್ನು ಹೊರಚಾಚಿದ ಮೂಲೆಯಿಂದ ಹಿಡಿಯಬೇಕು. ತುರ್ತು ಬಾಗಿಲು, ಬೆಂಕಿ ನಂದಿಸುವ ಸಾಧನಗಳಿಗೆ ಅಡ್ಡವಾಗಿ ಯಾವ ಫಲಕವೂ ನಿಲ್ಲಬಾರದು.

ಫಲಕಗಳನ್ನು ಮಾಡಿಸುವ ಶಾಲೆ, ಗ್ರಂಥಾಲಯ, ಆಸ್ಪತ್ರೆ, ಸಂಘ ಸಂಸ್ಥೆಗಳಲ್ಲಿ ನನ್ನ ವಿನಂತಿ ಇಷ್ಟು. ಬೇಡಿಕೆ ಪತ್ರದಲ್ಲಿ ಉದ್ದ, ಅಗಲ, ಬಣ್ಣದ ಜೊತೆಗೆ ಒಂದು ಫಲಕದ ತೂಕ ಎಷ್ಟು ಮೀರಬಾರದು, ಬಿಡಿ ತುಣುಕುಗಳು ಎಷ್ಟಿರಬಹುದು, ಎಷ್ಟು ಜನ ಎಷ್ಟು ಹೊತ್ತಿನಲ್ಲಿ ನಿಲ್ಲಿಸುವಂತಿರಬೇಕು ಎಂಬುದನ್ನೂ ಬರೆಯಿರಿ. ಹಣ ಕೊಡುವ ಮೊದಲು, ಆ ಫಲಕಗಳನ್ನು ಹಿಂದೆಂದೂ ನೋಡಿರದ ಇಬ್ಬರನ್ನು ಕರೆದು, ಮಾಡಿದವರು ಬಾಯಿ ತೆರೆಯದಂತೆ ಪಕ್ಕದಲ್ಲಿ ನಿಲ್ಲಿಸಿ, ಕಟ್ಟಿಸಿ ನೋಡಿ. ಬಿಚ್ಚಿಸಿ, ಚೀಲಕ್ಕೆ ಹಾಕಿಸಿ, ಮತ್ತೊಮ್ಮೆ ಕಟ್ಟಿಸಿ. ಅವರ ಕೈ ಎಲ್ಲಿ ತಡವರಿಸುತ್ತದೆಯೋ ಅಲ್ಲಿ ಗುರುತು ಹಾಕಿ, ಅಷ್ಟನ್ನು ತಿದ್ದಿಕೊಂಡು ಬರಲು ಮಾಡಿದವರಿಗೆ ಹೇಳಿ.

ಇತಿ ತಮ್ಮ ವಿಶ್ವಾಸಿ,
ಫಲಕ ಕಟ್ಟುವ ಕೆಲಸದಲ್ಲಿರುವ ಒಬ್ಬ ಓದುಗ